ನೀರು ಬಂದರೆ ಹೊಲ ಬೇರೆ ಆಗುತ್ತಾ?

ಜಾವಾ ಕ್ಲಾಸಲ್ಲಿ ಇನ್‌ಹೆರಿಟೆನ್ಸ್ ಅಂದ ಕೂಡಲೇ ಬೋರ್ಡ್ ಮೇಲೆ ಬರೋದು ಅನಿಮಲ್, ಅದರ ಕೆಳಗೆ ಡಾಗ್, ಕ್ಯಾಟ್. ಡಿಬಿಎಂಎಸ್ ಕ್ಲಾಸಲ್ಲಿ ಬರೋದು ಎಂಪ್ಲಾಯಿ, ಡಿಪಾರ್ಟ್‌ಮೆಂಟ್. ಆ ನಾಯಿಯನ್ನ ಈ ಟೇಬಲ್‌ಗಳಲ್ಲಿ ಎಲ್ಲಿ ಕಟ್ಟಬೇಕು ಅಂತ ಎರಡೂ ಕ್ಲಾಸಲ್ಲಿ ಯಾರೂ ಹೇಳಲ್ಲ. ಅದು ಗೊತ್ತಾಗೋದು ಮಿನಿ ಪ್ರಾಜೆಕ್ಟ್‌ಗೆ ಕೂತಾಗಲೇ. ನಮಗಂತೂ ಸ್ವಲ್ಪ ದುಬಾರಿಯಾಗಿ ಗೊತ್ತಾಯ್ತು.

ನಾವು ಮೂವರು. ಒಬ್ಬರ ಊರು ಯಾದಗಿರಿ ಹತ್ರ, ಒಬ್ಬರದು ಶಹಾಪುರ ತಾಲ್ಲೂಕು, ಇನ್ನೊಬ್ಬರದು ಸುರಪುರ. ಮೂರೂ ಮನೇಲಿ ಹೊಲ ಇದೆ. ಹಾಗಾಗಿ ಹೊಲದ ಲೆಕ್ಕ ಬರೆದಿಡೋ ಆ್ಯಪ್ ಮಾಡೋಣ ಅಂತ ಹೊರಟ್ವಿ. ಪಹಣಿ ತರಿಸಿಕೊಂಡ್ವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅದರಲ್ಲಿದ್ದ ಖುಷ್ಕಿ, ತರಿ, ಬಾಗಾಯ್ತು ಅನ್ನೋ ಪದಗಳನ್ನ ಓದೋಕೆ ಬಂತು, ಅರ್ಥ ಮಾತ್ರ ಮನೆಗೆ ಫೋನ್ ಮಾಡಿ ಕೇಳಬೇಕಾಯ್ತು. ಖುಷ್ಕಿ ಅಂದ್ರೆ ಮಳೆ ನಂಬಿದ ಭೂಮಿ ಅಂತ ತಿಳಿದ ಮರುಕ್ಷಣವೇ ಕ್ಲಾಸ್ ಡಯಾಗ್ರಾಂ ರೆಡಿ: ಮೇಲೆ ಹೊಲ, ಕೆಳಗೆ ಖುಷ್ಕಿ ಹೊಲ ಮತ್ತು ನೀರಾವರಿ ಹೊಲ. ನೋಡೋಕೆ ಎಷ್ಟು ಚೆಂದ ಇತ್ತು ಅಂದ್ರೆ ಮೂವರೂ ಫೋಟೋ ತೆಗೆದಿಟ್ಟುಕೊಂಡ್ವಿ.

ಆಮೇಲೆ ಹೈಬರ್ನೇಟ್ ಬಂತು. ಇನ್‌ಹೆರಿಟೆನ್ಸ್ ಹುಟ್ಟಿದ್ದು ನಾರ್ವೆಯ ಸಿಮುಲಾ 67 ಭಾಷೆಯಲ್ಲಿ. ರಿಲೇಷನಲ್ ಟೇಬಲ್ ಹುಟ್ಟಿದ್ದು 1970ರಲ್ಲಿ, ಎಡ್ಗರ್ ಕಾಡ್ ಬರೆದ ಪ್ರಬಂಧದಲ್ಲಿ. ಎರಡಕ್ಕೂ ನೆಂಟಸ್ತನ ಇಲ್ಲ, ಓಆರ್‌ಎಂ ಮಾಡೋದು ಮದುವೆ ದಲ್ಲಾಳಿ ಕೆಲಸ. ಅದಕ್ಕೆ ಮೂರು ದಾರಿ ಇದೆ. ಎಲ್ಲ ಕ್ಲಾಸ್‌ಗಳನ್ನೂ ಒಂದೇ ಟೇಬಲ್‌ಗೆ ತುಂಬಿ, ಯಾವ ಸಾಲು ಯಾವ ಜಾತಿ ಅಂತ ಗುರುತಿಗೆ ಡಿಟೈಪ್ ಅನ್ನೋ ಕಾಲಂ ಇಡೋದು ಒಂದು. ಅಪ್ಪನಿಗೊಂದು, ಮಕ್ಕಳಿಗೊಂದೊಂದು ಟೇಬಲ್ ಮಾಡಿ ಬೇಕಾದಾಗ ಜಾಯಿನ್ ಮಾಡೋದು ಎರಡನೇದು. ಮಕ್ಕಳಿಗೆ ಮಾತ್ರ ಪೂರ್ತಿ ಟೇಬಲ್ ಕೊಟ್ಟು, ಎಲ್ಲ ಹೊಲ ತೋರಿಸು ಅಂದಾಗ ಯೂನಿಯನ್ ಮಾಡೋದು ಮೂರನೇದು. ನೀವು ಏನೂ ಹೇಳದಿದ್ರೆ ಜೆಪಿಎ ಮೊದಲನೇದನ್ನೇ ಹಿಡಿಯುತ್ತೆ.

ನಾವು ಎರಡನೇದನ್ನ ಆರಿಸಿದ್ವಿ. ಕಾರಣ ಒಂದೇ: ವೈವಾದಲ್ಲಿ ನಾರ್ಮಲೈಸೇಷನ್ ಅಂತ ಹೇಳಬಹುದು. ಖಾಲಿ ಕಾಲಂ ಇರೋ ಟೇಬಲ್ ತೋರಿಸೋಕೆ ನಾಚಿಕೆ. ಆ ನಾಚಿಕೆ ಈಗ ಇಲ್ಲ. ಪಹಣಿಯನ್ನೇ ನೋಡಿ. ಖುಷ್ಕಿಯಾಗಲಿ, ಕಾಲುವೆ ಕೆಳಗಿನ ಗದ್ದೆಯಾಗಲಿ, ತೋಟವಾಗಲಿ, ನಮೂನೆ ಒಂದೇ. ನೀರಿನ ಮೂಲ ಇಲ್ಲದಿದ್ರೆ ಆ ಜಾಗ ಖಾಲಿ, ಮರ ಇಲ್ಲದಿದ್ರೆ ಅದೂ ಖಾಲಿ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂದಾಗಲೂ ರೈತನ ಕೈಗೆ ಸಿಕ್ಕಿದ ಹಾಳೆಯಲ್ಲಿ ಆ ಖಾಲಿ ಜಾಗಗಳು ಹಾಗೇ ಇದ್ವು. ಯಾರಿಗೂ ತೊಂದರೆ ಆಗಿಲ್ಲ.

ನಮ್ಮ ತೊಂದರೆ ಬಂದದ್ದು ಬೇರೆ ಕಡೆಯಿಂದ. ಯಾದಗಿರಿ ಗೆಳೆಯನ ಅಪ್ಪ, ನಾವು ಕಾಕಾ ಅಂತೀವಿ, ನಾಲ್ಕು ವರ್ಷದ ಲೆಕ್ಕ ನೋಟ್‌ಬುಕ್ಕಲ್ಲಿ ಬರೆದಿದ್ರು: ಬೀಜ, ಗೊಬ್ಬರ, ಕೂಲಿ, ತೊಗರಿ ಎಷ್ಟು ಕ್ವಿಂಟಲ್ ಬಂತು, ಯಾವ ರೇಟಿಗೆ ಹೋಯ್ತು. ಅದೆಲ್ಲ ರಾತ್ರಿ ಕೂತು ಟೈಪ್ ಮಾಡಿದ್ವಿ. ಅಷ್ಟರಲ್ಲಿ ಕಾಕಾ ಬೋರ್ ಹಾಕಿಸಿದ್ರು, ನೀರು ಬಿತ್ತು. ಅಂದ್ರೆ ಖುಷ್ಕಿ ಹೊಲ ಈಗ ನೀರಾವರಿ ಹೊಲ. ಆದರೆ ಜಾವಾದಲ್ಲಿ ಒಮ್ಮೆ ಹುಟ್ಟಿದ ಆಬ್ಜೆಕ್ಟ್ ತನ್ನ ಕ್ಲಾಸ್ ಬದಲಿಸೋ ಹಾಗಿಲ್ಲ. ಹೈಬರ್ನೇಟ್ ಕೂಡ ಅದಕ್ಕೆ ಬಾಗಿಲು ತೆಗೆಯಲ್ಲ. ನಾವು ಹಳೇ ಹೊಲ ಡಿಲೀಟ್ ಮಾಡಿ ಹೊಸ ಹೊಲ ಸೇರಿಸಿದ್ವಿ. ಹೊಸ ಐಡಿ ಬಂತು. ಹೊಲದ ಜೊತೆ ಬೆಳೆ, ಖರ್ಚು ಎಲ್ಲವನ್ನೂ ಕ್ಯಾಸ್ಕೇಡ್ ಮಾಡಿದ್ವಲ್ಲ, ನಾಲ್ಕು ವರ್ಷವೂ ಒಟ್ಟಿಗೇ ಹೋಯ್ತು. ಬ್ಯಾಕಪ್ ಎಲ್ಲಿ ಅಂತ ದಯವಿಟ್ಟು ಕೇಳಬೇಡಿ.

ರಜೆಗೆ ಹೋದಾಗ ಕಾಕಾಗೆ ಆ್ಯಪ್ ತೋರಿಸಿದ್ವಿ. ಸ್ಕ್ರೀನ್ ಕೆಳಗೆ ಮೇಲೆ ಎಳೆದು ನೋಡಿ ಕೇಳಿದ್ರು: ‘ಮೊದ್ಲಿನ ಲೆಕ್ಕ ಎಲ್ಲಿ ಹೋತು?’ ನಾವು ಸಬ್‌ಕ್ಲಾಸು, ಐಡಿ ಅಂತ ಏನೇನೋ ಹೇಳಿದ್ವಿ. ಅವರು ಪೂರ್ತಿ ಕೇಳಿ ಅಂದ್ರು: ‘ಹೊಲ ಅದೇ ಅದ ತಮ್ಮಾ. ನೀರಷ್ಟೇ ಬಂದದ.’

ಈ ಮಾತನ್ನ ಯಾವ ಪಠ್ಯಪುಸ್ತಕವೂ ನಮಗೆ ಇಷ್ಟು ನೇರವಾಗಿ ಹೇಳಿರಲಿಲ್ಲ. ನಾಯಿ ಯಾವತ್ತೂ ಬೆಕ್ಕಾಗಲ್ಲ, ಹಾಗಾಗಿ ಆ ಉದಾಹರಣೆ ಯಾವಾಗಲೂ ಗೆಲ್ಲುತ್ತೆ. ಹೊಲ ಹಾಗಲ್ಲ. ಶಹಾಪುರ, ಸುರಪುರದ ಎಷ್ಟೋ ಖುಷ್ಕಿ ಭೂಮಿ ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಭತ್ತದ ಗದ್ದೆ ಆಯ್ತು. ಕಾಲುವೆಯ ಕೊನೆ ಭಾಗದವರಿಗೆ ಒಂದು ವರ್ಷ ನೀರು ಮುಟ್ಟುತ್ತೆ, ಇನ್ನೊಂದು ವರ್ಷ ಮುಟ್ಟಲ್ಲ. ಒಂದೇ ಸರ್ವೆ ನಂಬರಿನಲ್ಲಿ ಎರಡು ಎಕರೆಗೆ ನೀರು, ಒಂದು ಎಕರೆಗೆ ಇಲ್ಲ ಅಂದ್ರೆ ಅದು ಯಾವ ಸಬ್‌ಕ್ಲಾಸ್? ನೀರಾವರಿ ಅನ್ನೋದು ಹೊಲದ ಹುಟ್ಟುಗುಣ ಅಲ್ಲ, ಆ ಹೊತ್ತಿನ ಸ್ಥಿತಿ. ಸ್ಥಿತಿಗೆ ಎಕ್ಸ್‌ಟೆಂಡ್ಸ್ ಬೇಡ. ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಎಕರೆಗೆ, ಎಲ್ಲಿಂದ ನೀರು ಅಂತ ಬರೆಯೋ ಒಂದು ಪುಟ್ಟ ಟೇಬಲ್ ಸಾಕು.

ಹಾಗಂತ ಇನ್‌ಹೆರಿಟೆನ್ಸೇ ಬೇಡ ಅನ್ನೋ ಸೀನಿಯರ್‌ಗಳ ಮಾತೂ ನಾವು ಒಪ್ಪಲ್ಲ. ಖರ್ಚು ಅನ್ನೋ ಕ್ಲಾಸ್ ಕೆಳಗೆ ಕೂಲಿ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಈಗಲೂ ಇಟ್ಟಿದ್ದೀವಿ. ಕೊಟ್ಟ ಕೂಲಿ ನಾಳೆ ಗೊಬ್ಬರ ಆಗಲ್ಲ. ಅವೆಲ್ಲ ಒಂದೇ ಟೇಬಲ್‌ನಲ್ಲಿವೆ, ಖಾಲಿ ಕಾಲಂ ಸಮೇತ. ಒಂದು ಎಚ್ಚರಿಕೆ: ಗೊಬ್ಬರಕ್ಕೆ ಚೀಲದ ಲೆಕ್ಕ ಕಡ್ಡಾಯ ಅಂತ ಆ ಕಾಲಂಗೆ ನಾಟ್ ನಲ್ ಹಾಕೋಕೆ ಬರಲ್ಲ, ಹಾಕಿದ್ರೆ ಕೂಲಿ ಸಾಲು ಸೇರಲ್ಲ. ಡಿಟೈಪ್ ನೋಡಿ ಪರೀಕ್ಷಿಸೋ ಚೆಕ್ ಕನ್‌ಸ್ಟ್ರೇಂಟ್ ನಾವೇ ಕೈಯಾರೆ ಬರೆಯಬೇಕು. ಇದನ್ನ ವೈವಾದಲ್ಲಿ ಕೇಳಿದ್ರೆ ನಮಗೆ ಖುಷಿ.

ಸದ್ಯಕ್ಕೆ ಕಾಕಾ ದಿನಾ ರಾತ್ರಿ ಊಟ ಆದ ಮೇಲೆ ಫೋನ್ ಮಾಡಿ ನೋಟ್‌ಬುಕ್ ಓದ್ತಾರೆ, ನಾವು ಟೈಪ್ ಮಾಡ್ತೀವಿ. ಮೂರನೇ ವರ್ಷದ ತೊಗರಿವರೆಗೆ ಬಂದಿದ್ದೀವಿ.