ಹಸಿರು ಶಾಲು ವಿಧಾನಸೌಧಕ್ಕೆ ಹೋದ ಮೇಲೆ ಬೀದೀಲಿ ಯಾರು?

2023ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು. ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕದೆ ಬೆಂಬಲಿಸಿತ್ತು. ಪಕ್ಕದ ಶ್ರೀರಂಗಪಟ್ಟಣ, ನಾಗಮಂಗಲ ಕಾಂಗ್ರೆಸ್ ಪಾಲಾದವು, ಕೆ.ಆರ್. ಪೇಟೆ ಜೆಡಿಎಸ್ ಪಾಲಾಯಿತು. ಹಸಿರು ಶಾಲಿನವರು ನಾಲ್ಕೂ ತಾಲ್ಲೂಕಲ್ಲಿದ್ದಾರೆ. ಶಾಲು ಓಟಾಗಿದ್ದು ಪಾಂಡವಪುರದ ಕಡೆ ಮಾತ್ರ.

ಚಳವಳಿ ಚುನಾವಣೆಗೆ ಇಳೀಬೇಕಾ ಅನ್ನೋದು ಹಳೇ ಜಗಳ. 1980ರ ನರಗುಂದ–ನವಲಗುಂದ ಗೋಲಿಬಾರ್ ಬೆನ್ನಿಗೆ ಹುಟ್ಟಿದ ರೈತ ಸಂಘಕ್ಕೆ ಮೊದಲು ಶಾಸಕರೇ ಇರಲಿಲ್ಲ. ಆದರೂ ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ಹಳ್ಳಿಗಳಲ್ಲಿ ಬೋರ್ಡು ನೆಟ್ಟರು, ಜಪ್ತಿ ತಡೆದರು. 1989ರಲ್ಲಿ ಎರಡು ಸ್ಥಾನ ಬಂದವು. 1994ರಲ್ಲಿ ಗೆದ್ದದ್ದು ಪಾಂಡವಪುರದ ಕೆ.ಎಸ್. ಪುಟ್ಟಣ್ಣಯ್ಯ ಒಬ್ಬರೇ, ಅವರು ಮತ್ತೆ ಗೆಲ್ಲೋಕೆ 2013 ಬರಬೇಕಾಯ್ತು. ಅಷ್ಟರಲ್ಲಿ ಸಂಘ ಬಣಗಳಾಗಿ ಒಡೆದಿತ್ತು.

ಚುನಾವಣೆ ಬೇಡ ಅನ್ನೋರು ದೇವನಹಳ್ಳಿ ತೋರಿಸ್ತಾರೆ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಸಾವಿರ ದಿನ ದಾಟಿದ ಧರಣಿ, ರೈತ–ದಲಿತ–ಕಾರ್ಮಿಕ ಸಂಘಟನೆಗಳ ಒಗ್ಗಟ್ಟು ಅದನ್ನು ಗೆದ್ದಿತು.

ಹಂಗಂತ ಸದನವನ್ನು ಬಿಟ್ಟುಕೊಡೋದಕ್ಕೂ ಆಗಲ್ಲ. 2020ರಲ್ಲಿ ಬೀದಿ ತುಂಬಾ ಪ್ರತಿಭಟನೆ ಇದ್ದಾಗಲೇ ಭೂಸುಧಾರಣಾ ತಿದ್ದುಪಡಿ ಪಾಸಾಯಿತು. ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಸೇರಿದ್ದೂ ಅದೇ ವರ್ಷ. ಬೀದಿ ತಡೆಯಬಲ್ಲದು, ಕಾಯ್ದೆ ಬರೆಯೋದು ಸದನ.

ಹಾಗಾಗಿ ನಿಜವಾದ ಪ್ರಶ್ನೆ ಬೇರೆ: ಗೆದ್ದ ಶಾಸಕ ಲೆಕ್ಕ ಕೊಡೋದು ಯಾರಿಗೆ? ಸೀಟು ಬಿಟ್ಟುಕೊಟ್ಟ ಪಕ್ಷಕ್ಕಾ, ಶಾಲು ಹೊದಿಸಿದ ಸಂಘಕ್ಕಾ? ಆಳುವ ಪಕ್ಷದ ಬೆಂಬಲದಿಂದ ಗೆದ್ದವರು ಅದೇ ಸರ್ಕಾರದ ವಿರುದ್ಧ ಧರಣಿ ಕೂರಬೇಕಾದ ದಿನ ಇದಕ್ಕೆ ಉತ್ತರ ಸಿಗುತ್ತೆ.

ಇನ್ನೊಂದು ಪ್ರಶ್ನೆ ಸಂಘಕ್ಕೇ. ಕಬ್ಬು ಬೆಳೆದವರ ಬಾಕಿಗೆ ದನಿಯಿದೆ. ಕಬ್ಬು ಕಡಿಯುವ ಕೂಲಿಯ, ಕಾರ್ಖಾನೆಯ ಗುತ್ತಿಗೆ ಕಾರ್ಮಿಕನ, ಅಂಗನವಾಡಿ ಅಕ್ಕನ ದನಿ ಎಲ್ಲಿದೆ? ಜಮೀನಿಲ್ಲದವರು ಜೊತೆಗಿಲ್ಲದ ಚಳವಳಿ ಕೊನೆಗೆ ಜಾತಿ ಲೆಕ್ಕಾಚಾರಕ್ಕೇ ಶರಣಾಗುತ್ತೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರತಿ ಅಧಿವೇಶನ ಮುಗಿದ ಮೇಲೆ ಶಾಸಕರು ಊರ ಸಭೆಯಲ್ಲಿ ನಿಂತು ಲೆಕ್ಕ ಒಪ್ಪಿಸಲಿ. ಸಂಘದ ಚುಕ್ಕಾಣಿ ಶಾಸಕರಲ್ಲದವರ ಕೈಲಿರಲಿ. ಕೂಲಿಯವರಿಗೆ ಸದಸ್ಯತ್ವವೂ ಬೇಕು, ನಾಯಕತ್ವವೂ ಬೇಕು. 2028ಕ್ಕೆ ಓಟು ಕೇಳೋಕೆ ಮುಂಚೆ ಆಗಬೇಕಾದ ಕೆಲಸ ಇದು.