ಹೊತ್ತಿಕೊಳ್ಳುವ ಒಲೆಗೆ ಮುಚ್ಚಿಕೊಳ್ಳಲು ಬಾರದೆ?

ಚಿತ್ರದುರ್ಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾಸ್ ಒಲೆ ರಿಪೇರಿ ಮಾಡುತ್ತಿದ್ದೇನೆ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟ ಊರು ನಮ್ಮದು. ಆಷಾಢ ಬಂತೆಂದರೆ ಫೋನು ಶುರು: "ಅಣ್ಣಾ, ಒಲೆ ತಾನಾಗೇ ಆರಿ ಹೋಗ್ತೈತೆ, ಬರ್ನರ್ ಬದಲಿಸಿ ಕೊಡು." ಹೋಗಿ ನೋಡಿದರೆ ಬರ್ನರ್ ಗಟ್ಟಿಯಾಗೇ ಇರುತ್ತದೆ. ಪಕ್ಕದಲ್ಲಿ ತೆರೆದ ಕಿಟಕಿ, ಸಿಮ್‌ನಲ್ಲಿಟ್ಟ ಹಾಲು.

ಬರ್ನರಿನ ತೂತಿನಿಂದ ಗ್ಯಾಸು ಗಾಳಿಯೊಡನೆ ಬೆರೆತು ಹೊರಗೆ ನುಗ್ಗುತ್ತದೆ. ಉರಿ ಅದನ್ನು ತಿನ್ನುತ್ತ ಒಳಕ್ಕೆ ಬರಲು ನೋಡುತ್ತದೆ. ಉರಿಯ ಓಟ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್, ಅಂಬೆಗಾಲಿಡುವ ಕೂಸಿನಷ್ಟು. ಇಬ್ಬರ ಜಗ್ಗಾಟ ಸಮವಾದರೆ ಉರಿ ತೂತಿನ ಬಾಯಲ್ಲೇ ನಿಲ್ಲುತ್ತದೆ. ಗ್ಯಾಸಿನ ಕೈ ಮೇಲಾದರೆ ಬುಸ್ಸೆಂದು ಎದ್ದು ಹಾರುತ್ತದೆ. ಉರಿಯ ಕೈ ಮೇಲಾದರೆ 'ಪಟ್' ಎಂದು ಒಳಗೆ ಹೊಕ್ಕುತ್ತದೆ. ಕಿಟಕಿಯ ಗಾಳಿ ಪಾತ್ರೆಗೆ ಬಡಿದು ಸುಳಿಸುಳಿಯಾದಾಗ ಕಥೆಯೇ ಬೇರೆ. ಸಣ್ಣ ಸುಳಿ ಉರಿಯ ತೆಳು ಹಾಳೆಯನ್ನು ಸುಕ್ಕುಗಟ್ಟಿಸುತ್ತದೆ. ಉರಿಯುವ ಮೈ ಹೆಚ್ಚಿ ಬೆಂಕಿ ಚುರುಕೇ ಆಗುತ್ತದೆ. ಸುಳಿ ಬಿರುಸಾಯಿತೋ, ಅದೇ ಹಾಳೆ ಜಗ್ಗಿ, ತಣ್ಣಗಾಗಿ, ಹರಿಯುತ್ತದೆ. ಸಿಮ್‌ನಲ್ಲಿ ಗೋಧಿಕಾಳಿನಷ್ಟು ಉರಿ, ಅದಕ್ಕೆಷ್ಟು ಬೇಕು?

ಉರಿ ಆರಿದ್ದಕ್ಕೆ ನನ್ನ ತಕರಾರಿಲ್ಲ. ನಾಬ್ ತೆರೆದೇ ಇರುತ್ತದಲ್ಲ, ಅದಕ್ಕೆ. ನಮ್ಮ ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡುತ್ತದೆ. ಇದಕ್ಕೆ ಮದ್ದು ಎಂದೋ ಸಿಕ್ಕಿದೆ: ಉರಿಯ ಪಕ್ಕ ಪೆನ್ಸಿಲ್ ಮೊನೆಯಂಥ ಒಂದು ಕಡ್ಡಿ, ಥರ್ಮೋಕಪಲ್. ಬಿಸಿಯಾದಾಗ ಅದರಲ್ಲಿ ಹುಟ್ಟುವ ಚೂರು ಕರೆಂಟು ಗ್ಯಾಸಿನ ವಾಲ್ವನ್ನು ತೆರೆದು ಹಿಡಿಯುತ್ತದೆ. ಉರಿ ಆರಿ ಕಡ್ಡಿ ತಣ್ಣಗಾದರೆ ಸ್ಪ್ರಿಂಗ್ ವಾಲ್ವನ್ನು ಮುಚ್ಚುತ್ತದೆ. ಬ್ಯಾಟರಿಯೂ ಬೇಡ. ಆದರೆ ನಾನು ಬಿಚ್ಚುವ ಒಲೆಗಳಲ್ಲಿ ಅದು ಕಾಣುವುದೇ ಅಪರೂಪ. ಪ್ರತಿ ಒಲೆಗೂ ಇದನ್ನು ಕಡ್ಡಾಯ ಮಾಡಬೇಕು. ಬೆಲೆ ಏರುತ್ತದೆ ಅನ್ನುತ್ತಾರೆ ಅಂಗಡಿಯವರು. ಮೇಲಿನ ಗಾಜಿಗೆ ದುಡ್ಡು ಕೇಳುವಾಗ ಆ ಚಿಂತೆ ಅವರಿಗೆ ಇರುವುದಿಲ್ಲ!

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ, ಬೇರೇನೋ ಕೆಲಸಕ್ಕೆ. ಬಾಗಿಲಲ್ಲೇ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಓಡಿ ನಾಬ್ ತಿರುಗಿಸಿ, ಹಿಂಬಾಗಿಲು ತೆರೆದೆ. "ಲೈಟ್ ಹಾಕ್ಲೇನಪ್ಪಾ?" ಎಂದು ಅಜ್ಜಿ ಸ್ವಿಚ್ಚಿಗೆ ಕೈ ಚಾಚಿದರು. ನೆಗಡಿ, ಮೂಗಿಗೆ ಏನೂ ತಿಳಿದಿರಲಿಲ್ಲ. ಕಿರುಚಿ ಕೈ ತಡೆದೆ. ಒಲೆ ಮಗ ತಂದುಕೊಟ್ಟ ಹೊಸದು. ಕಡ್ಡಿ ಗೀರುವುದೇ ಬೇಡ, ತಿರುಗಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ.