ಹೊಸ ಫೋನು ಕೆಟ್ಟಾಗ ಬಿಲ್ಲೇ ಬಲ

ಬಿತ್ತನೆ ಬೀಜದ ಚೀಲ ಬಿಚ್ಚಿದ ಮೇಲೆ ಅದರ ಲೇಬಲ್ಲನ್ನೂ, ಬಿಲ್ಲನ್ನೂ, ಒಂದು ಹಿಡಿ ಬೀಜವನ್ನೂ ಕೊಯ್ಲಿನವರೆಗೆ ಜೋಪಾನವಾಗಿಡಿರಿ ಎಂದು ಪ್ರತಿ ಮುಂಗಾರಿನಲ್ಲೂ ಹೇಳುತ್ತ ಬಂದಿದ್ದೇವೆ. ಮೊಳಕೆ ಬಾರದಿದ್ದರೆ ಪರಿಹಾರ ಕೇಳಲು ಅವೇ ಸಾಕ್ಷಿ. ಅದೇ ಮಾತನ್ನು ಈ ವಾರ ಮೊಬೈಲ್ ಫೋನಿನ ಬಗ್ಗೆ ಹೇಳಬೇಕಾಗಿದೆ.

ಕೃಷಿ ಪುಟದಲ್ಲಿ ಫೋನಿನ ಮಾತೇಕೆ ಎಂದು ಕೇಳಬೇಡಿರಿ. ಮಾರುಕಟ್ಟೆಯ ಧಾರಣೆ, ಮಳೆಯ ಮುನ್ಸೂಚನೆ, ಬ್ಯಾಂಕಿನ ಸಂದೇಶ ಎಲ್ಲವೂ ಈಗ ಅದರಲ್ಲೇ ಬರುತ್ತವೆ. 2020ರ ಮುಂಗಾರಿನಿಂದ ನಮ್ಮ ರಾಜ್ಯದ ರೈತರೇ ಹೊಲದ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸುವ ಅವಕಾಶವೂ ಬಂದಿದೆ. ಶೇಂಗಾ ಮಾರಿದ ಹಣದಲ್ಲಿ ತಂದ ಹೊಸ ಫೋನು ಹದಿನೈದೇ ದಿನಕ್ಕೆ ಕಣ್ಣು ಮುಚ್ಚಿದರೆ ನಷ್ಟ ಹಣದ್ದು ಮಾತ್ರವಲ್ಲ.

ಆಗ ನಡೆಯುವುದೇನು? ‘ನಾವು ಮಾರುವವರು ಮಾತ್ರ, ಸರ್ವಿಸ್ ಸೆಂಟರಿಗೆ ಹೋಗಿ’ ಎಂದು ಅಂಗಡಿಯವರು ಕೈ ತೊಳೆದುಕೊಳ್ಳುತ್ತಾರೆ. ಸರ್ವಿಸ್ ಸೆಂಟರ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ಬಸ್ಸಿನ ಖರ್ಚು ಮಾಡಿ, ಒಂದು ದಿನದ ಕೆಲಸ ಬಿಟ್ಟು ಹೋದರೆ ‘ಸ್ಪೇರ್ ಬಂದಿಲ್ಲ, ಮುಂದಿನ ವಾರ ಬನ್ನಿ’ ಎಂಬ ಉತ್ತರ. ಎರಡು ಸಲ ಅಲೆದ ರೈತ ಬೇಸತ್ತು ಸಂತೆಯ ರಿಪೇರಿ ಅಂಗಡಿಯಲ್ಲಿ ಅದನ್ನು ಬಿಚ್ಚಿಸುತ್ತಾನೆ. ಹೊರಗೆ ಬಿಚ್ಚಿಸಿದ್ದೇ ನೆಪವಾಗಿ ಕಂಪನಿ ವಾರಂಟಿಯನ್ನು ತಳ್ಳಿಹಾಕುತ್ತದೆ. ಮಾರಾಟಕ್ಕೆ ಹೋಬಳಿ ಹೋಬಳಿಗೂ ಬರುವ ಕಂಪನಿಗಳಿಗೆ ರಿಪೇರಿಗೆ ಮಾತ್ರ ಹಳ್ಳಿಯ ದಾರಿ ಕಾಣದಿರುವುದು ನ್ಯಾಯವಲ್ಲ. ಮಾರಿದ ಅಂಗಡಿಯೇ ಕೆಟ್ಟ ಫೋನನ್ನು ರಸೀದಿ ಕೊಟ್ಟು ಪಡೆದು ಸರ್ವಿಸ್ ಸೆಂಟರಿಗೆ ತಲುಪಿಸುವ ಏರ್ಪಾಡು ಆಗಬೇಕು.

ಅದು ಆಗುವವರೆಗೆ ನಮ್ಮ ಎಚ್ಚರ ನಮಗೆ. ಕೊಳ್ಳುವಾಗಲೇ ಪಕ್ಕಾ ಬಿಲ್ಲು ಕೇಳಿರಿ. ‘ಬಿಲ್ಲಿಲ್ಲದಿದ್ದರೆ ಇನ್ನೂರು ರೂಪಾಯಿ ಕಡಿಮೆ’ ಎಂಬ ಮಾತಿಗೆ ಮರುಳಾಗಬೇಡಿರಿ. ಫೋನಿನಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಐ.ಎಂ.ಇ.ಐ. ಎಂಬ 15 ಅಂಕಿಗಳ ಸಂಖ್ಯೆ ಕಾಣುತ್ತದೆ. ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಅದೇ ಸಂಖ್ಯೆ ಇರಬೇಕು. ವಾರಂಟಿ ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದ ಒಂದು ವರ್ಷ. ಚಾರ್ಜರಿನಂಥವಕ್ಕೆ ಹಲವು ಕಂಪನಿಗಳು ಆರೇ ತಿಂಗಳು ಕೊಡುತ್ತವೆ. ಬಿದ್ದು ಒಡೆದ ಗಾಜಿಗೆ, ನೀರು ಹೊಕ್ಕ ಫೋನಿಗೆ ಅದು ಸಲ್ಲದು. ಅನೇಕ ಫೋನುಗಳ ಒಳಗೆ ತೇವ ತಾಗಿದರೆ ಕೆಂಪಾಗುವ ಚೀಟಿ ಇರುತ್ತದೆ. ಔಷಧಿ ಸಿಂಪಡಿಸುವಾಗ, ನೀರು ಹಾಯಿಸುವಾಗ ಫೋನನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವವರು ಇದನ್ನು ನೆನಪಿಡತಕ್ಕದ್ದು.

ಸರ್ವಿಸ್ ಸೆಂಟರಿನಲ್ಲಿ ಬರಿಯ ಬಾಯಿಮಾತಿಗೆ ಫೋನು ಒಪ್ಪಿಸಿ ಬರಬೇಡಿರಿ. ಜಾಬ್ ಶೀಟ್ ಎಂಬ ಚೀಟಿಯಲ್ಲಿ ತಾರೀಖು, ದೋಷ, ಫೋನಿನ ಸಂಖ್ಯೆ ಬರೆಸಿಕೊಳ್ಳಿರಿ. ಅದೇ ದೋಷಕ್ಕೆ ಮೂರು ಸಲ ಹೋದರೆ ಮೂರು ಚೀಟಿ ಕೈಯಲ್ಲಿರಬೇಕು. ಎಷ್ಟು ಸಲ ಅಲೆದಿರಿ ಎಂಬುದನ್ನು ಮುಂದೆ ಅವೇ ಹೇಳುತ್ತವೆ. ಸಿಮ್ ತೆಗೆದಿಟ್ಟುಕೊಂಡು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಸಂದೇಶ ತಪ್ಪದು. ಹಣ ಕಳಿಸುವ ಗುಪ್ತ ಸಂಖ್ಯೆಯನ್ನಂತೂ ಯಾರಿಗೂ ಹೇಳಕೂಡದು.

‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿರುವುದನ್ನು ಕಂಡು ಹಿಂಜರಿಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು ಆ ಕಾಯಿದೆ ಅನುಚಿತ ವ್ಯಾಪಾರ ಎಂದೇ ಕರೆದಿದೆ. ಬಿಲ್ಲು ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ.

ಮೊದಲು 1915ಕ್ಕೆ ಫೋನು ಮಾಡಿರಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಹೊಸ ಕಾಯಿದೆ ಅವಕಾಶ ಮಾಡಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಆದರೆ ಸುಗ್ಗಿ ಮುಗಿಯಲಿ ಎಂದು ಮುಂದೂಡುತ್ತ ಹೋದರೆ ಚೀಟಿಗಳು ಕಳೆದುಹೋಗುತ್ತವೆ.

ದೂರಿನಲ್ಲಿ ಅಂಗಡಿ, ಕಂಪನಿ ಇಬ್ಬರ ಹೆಸರನ್ನೂ ಕಾಣಿಸಿರಿ. ಇಲ್ಲವಾದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿ ಪಾರಾಗುತ್ತಾರೆ. ಬರೆಯಲು ಬಾರದವರು ವಾಚನಾಲಯಕ್ಕೆ ಬರುವ ಹುಡುಗರಿಂದ ಬರೆಸಿರಿ. ಬಿಲ್ಲು, ವಾರಂಟಿ ಕಾರ್ಡು, ಜಾಬ್ ಶೀಟುಗಳ ಜೆರಾಕ್ಸ್ ಪ್ರತಿ ಲಗತ್ತಿಸಿ, ಅಸಲು ಕಾಗದಗಳನ್ನು ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿರಿ.